ಆರಡಿ ಐದಿಂಚಿನವನಿಗೆ ಕಾರವಾರದಲ್ಲಿ ಸಿಕ್ಕ ಜಿಮ್

ನನ್ನ ಎತ್ತರ 196 ಸೆಂಟಿಮೀಟರ್. ಕಳೆದ ನವೆಂಬರಿನಲ್ಲಿ ಈ ಜಿಮ್ಮಿನ ಮೆಟ್ಟಿಲು ಹತ್ತಿದ ದಿನ ತೂಕ 64 ಕೆ.ಜಿ. ಇತ್ತು. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಬಿಎಂಐ ಲೆಕ್ಕದಲ್ಲಿ 16.7. ಕಡಿಮೆ ಅಂದರೂ 18.5 ಇರಬೇಕು ಅನ್ನುತ್ತಾರೆ, ನನ್ನ ಎತ್ತರಕ್ಕೆ ಅದು 71 ಕೆ.ಜಿ. ಆಗುತ್ತದೆ. ಇಲ್ಲಿನ ಕೊಂಕಣಿ ಗೆಳೆಯರು ನನ್ನನ್ನು ‘ಮಾಡ’ ಅಂತ ಕರೆಯುತ್ತಿದ್ದರು. ಮಾಡ ಅಂದರೆ ತೆಂಗಿನ ಮರ. ಪ್ರೀತಿಯಿಂದಲೇ ಕರೆಯುತ್ತಿದ್ದರು, ಆದರೂ ಮನಸ್ಸಿಗೆ ಚುಚ್ಚುತ್ತಿತ್ತು.

ಜಿಮ್ಮಿನ ಹೆಸರು ಬೇಡ. ಟ್ಯಾಗೋರ್ ಬೀಚಿನಿಂದ ನಡೆದು ಹೋಗುವಷ್ಟು ದೂರ, ಮೊದಲ ಮಹಡಿ, ಒಂದೇ ಉದ್ದನೆಯ ಕೋಣೆ. ಎಸಿ ಇಲ್ಲ. ತಿಂಗಳಿಗೆ 900 ರೂಪಾಯಿ. ನನ್ನ ಹಾಗೆ ಉದ್ದ, ತೆಳ್ಳಗೆ ಇರುವ ಹುಡುಗರು ಜಿಮ್ ಹುಡುಕುವಾಗ ಏನನ್ನು ನೋಡಬೇಕು ಅನ್ನುವುದು ನನಗೆ ಇಲ್ಲಿಯೇ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಓದುವಾಗ ಬೇರೆ ಊರಿನ ಒಂದು ದೊಡ್ಡ ಜಿಮ್ಮಿಗೆ ಸೇರಿದ್ದೆ. ಅಲ್ಲಿ ಮೊದಲ ದಿನವೇ ಪ್ರೋಟೀನ್ ಪೌಡರ್ ಡಬ್ಬ ತೋರಿಸಿದರು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಮಾಡುವಾಗ ‘ಬೆನ್ನು ನೆಟ್ಟಗೆ, ಮಂಡಿ ಮುಂದೆ ಹೋಗಬಾರದು’ ಅಂತ ಕೂಗುತ್ತಿದ್ದರು. ಹಾಗೆ ಕೂತರೆ ನಾನು ಹಿಂದಕ್ಕೆ ಬೀಳುತ್ತಿದ್ದೆ. ಐದನೇ ವಾರ ಮಂಡಿ ನೋವು ಶುರುವಾಯಿತು, ಬಿಟ್ಟುಬಿಟ್ಟೆ. ನನ್ನ ಮೈಯೇ ಸರಿಯಿಲ್ಲ ಅಂತ ಮೂರು ವರ್ಷ ನಂಬಿಕೊಂಡಿದ್ದೆ.

ಇಲ್ಲಿಯ ಟ್ರೇನರ್ ಮೊದಲ ದಿನ ಒಂದು ಕೆ.ಜಿ.ಯನ್ನೂ ಎತ್ತಿಸಲಿಲ್ಲ. ‘ಕೈ ಚಾಚು’ ಅಂದರು. ಟೇಪ್ ಹಿಡಿದು ಬೆರಳ ತುದಿಯಿಂದ ಬೆರಳ ತುದಿಗೆ ಅಳೆದರು: 199 ಸೆಂ.ಮೀ. ಹೆಬ್ಬೆರಳನ್ನು ಮಡಚಿ ಮುಷ್ಟಿ ಕಟ್ಟು ಅಂದರು, ಅದರ ತುದಿ ಕಿರುಬೆರಳಿನ ಆಚೆ ಹೊರಗೆ ಬರುತ್ತದಾ ಅಂತ ನೋಡಿದರು. ಆಮೇಲೆ, ‘ಒಮ್ಮೆ ಡಾಕ್ಟರ ಹತ್ತಿರ ಎದೆಯ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬಾ, ಆಮೇಲೆ ಫೀಸು ಕಟ್ಟು’ ಅಂದರು. ನನಗೆ ಗಾಬರಿಯಾಯಿತು.

ಕಾರಣ ಇದೆ. ತುಂಬಾ ಉದ್ದ, ತೆಳ್ಳಗೆ, ಉದ್ದ ಬೆರಳುಗಳು ಇರುವವರಲ್ಲಿ ಕೆಲವರಿಗೆ ಮಾರ್ಫಾನ್ ಸಿಂಡ್ರೋಮ್ ಅನ್ನುವ ಹುಟ್ಟಿನಿಂದ ಬರುವ ತೊಂದರೆ ಇರುತ್ತದೆ. ಅಂಥವರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗುತ್ತಾ ಹೋಗಬಹುದು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಪ್ರಾಣಕ್ಕೇ ಅಪಾಯ. ಉದ್ದ ಇರುವ ಹೆಚ್ಚಿನವರಿಗೆ ಇದು ಇರುವುದಿಲ್ಲ. ನನಗೂ ಇರಲಿಲ್ಲ. ಆದರೆ ಯಾರೂ ಹೇಳದ ಮಾತನ್ನು ಅವರು ಹೇಳಿದರಲ್ಲ, ಆ ಒಂದು ಕಾರಣಕ್ಕೇ ನಾನು ಈ ಜಿಮ್ಮಿಗೆ ಪೂರ್ತಿ ಅಂಕ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ಹುಡುಗನಿದ್ದರೆ ದಯವಿಟ್ಟು ಇದನ್ನು ಮೊದಲು ಮಾಡಿಸಿ.

ಇನ್ನು ಸ್ಕ್ವಾಟ್. ‘ನಿನ್ನ ತೊಡೆಯ ಎಲುಬು ಉದ್ದ. ಬೇರೆಯವರ ಹಾಗೆ ಬೆನ್ನು ನೆಟ್ಟಗಿಟ್ಟು ಕೂರಲು ಬರೋದಿಲ್ಲ, ಬರಬೇಕಾಗಿಯೂ ಇಲ್ಲ’ ಅಂದರು. ಭಾರ ಪಾದದ ನಡುವಿನ ನೇರಕ್ಕೇ ಇರಬೇಕು. ಉದ್ದ ತೊಡೆಯವನು ಕೂತಾಗ ಸೊಂಟ ಜಾಸ್ತಿ ಹಿಂದೆ ಹೋಗುತ್ತದೆ, ಅದಕ್ಕೆ ಸರಿಯಾಗಿ ಎದೆ ಮುಂದೆ ಬಾಗಲೇಬೇಕು. ಕಾಲು ಸ್ವಲ್ಪ ಅಗಲಿಸಿ, ಪಾದ ಹೊರಕ್ಕೆ ತಿರುಗಿಸಿ, ಹಿಮ್ಮಡಿ ಕೆಳಗೆ ಎರಡು ಸಣ್ಣ ಪ್ಲೇಟ್ ಇಟ್ಟರು. ಎದೆಗೆ 8 ಕೆ.ಜಿ. ಡಂಬೆಲ್ ಅಪ್ಪಿಕೊಂಡು ಬೆಂಚಿನ ಮೇಲೆ ಕೂತು ಏಳುವುದು. ಒಂದು ತಿಂಗಳು ಅಷ್ಟೇ. ಮಂಡಿ ನೋಯಲಿಲ್ಲ. ಅವತ್ತು ರೂಮಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಡೆಡ್‌ಲಿಫ್ಟಿನ ಕತೆ ಇನ್ನೂ ಚೆನ್ನಾಗಿದೆ. ಅದು ನೆಲದ ಮೇಲಿನ ಬಾರನ್ನು, ಅಂದರೆ ಪ್ಲೇಟ್ ಹಾಕಿದ ಸರಳನ್ನು, ಬಗ್ಗಿ ಹಿಡಿದು ಎದ್ದು ನಿಲ್ಲುವುದು. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟಿನ ಅಗಲ 45 ಸೆಂ.ಮೀ., ಹಾಗಾಗಿ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಮೇಲೆ ಇರುತ್ತದೆ. ಹೊಸಬರು ಹಾಕುವ ಸಣ್ಣ ಕಬ್ಬಿಣದ ಪ್ಲೇಟ್ ಹಾಕಿದರೆ ಬಾರ್ ಇನ್ನೂ ಕೆಳಗೆ ಇಳಿಯುತ್ತದೆ. ಇಲ್ಲಿಯ 10 ಕೆ.ಜಿ. ಪ್ಲೇಟ್ ಅಳೆದರೆ ಅಗಲ 30 ಸೆಂ.ಮೀ., ಅಂದರೆ ಬಾರ್ 15ಕ್ಕೆ ಬಂತು. ನನ್ನಷ್ಟು ಉದ್ದದವನು ಅಲ್ಲಿಯವರೆಗೆ ಬಗ್ಗುವಾಗ ಸೊಂಟ ಗೂನಾಗುತ್ತದೆ. ಅತಿ ಕಡಿಮೆ ಭಾರ ಎತ್ತುವವನು ಅತಿ ಕೆಳಗಿನಿಂದ ಎತ್ತಬೇಕು, ಇದು ತಲೆಕೆಳಗು ಅಲ್ವಾ? ಟ್ರೇನರ್ ಬೈತಖೋಲಿನಲ್ಲಿ ದೋಣಿ ರಿಪೇರಿ ಮಾಡುವ ಪರಿಚಯದವರಿಂದ ನಾಲ್ಕು ಹಲಸಿನ ಹಲಗೆ ಕೊಯ್ಯಿಸಿ ತಂದರು. ಪ್ಲೇಟಿನ ಕೆಳಗೆ ಎರಡೂ ಕಡೆ ಇಟ್ಟರೆ ಬಾರ್ ಮೊಣಕಾಲ ಗಂಟಿಗಿಂತ ಒಂದು ಗೇಣು ಕೆಳಗೆ ಬಂದು ನಿಲ್ಲುತ್ತದೆ. ದುಡ್ಡು ಕೇಳಲಿಲ್ಲ. ಲಕ್ಷಗಟ್ಟಲೆಯ ಮಷಿನ್‌ಗಳಿಗಿಂತ ನನ್ನ ಬೆನ್ನನ್ನು ಉಳಿಸಿದ್ದು ಈ ಹಲಗೆಗಳು.

ಬೆಂಚ್ ಪ್ರೆಸ್ (ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾತ್ರ ನಿಧಾನ. ಜೊತೆಗೆ ಬರುವ ಗೆಳೆಯ ಐದಡಿ ಐದಿಂಚು. ಒಂದು ದಿನ ಅಳೆದು ನೋಡಿದೆವು. ಅವನ ಬಾರ್ ಎದೆಯಿಂದ ಮೇಲಕ್ಕೆ 34 ಸೆಂ.ಮೀ. ಹೋಗುತ್ತದೆ, ನನ್ನದು 49. ಅದೇ ಭಾರ, ಆದರೆ ಪ್ರತಿ ಸಲ ನಾನು ಸುಮಾರು ಒಂದೂವರೆ ಪಟ್ಟು ದೂರ ತಳ್ಳಬೇಕು. ಅದನ್ನು ನೋಡಿದ ಮೇಲೆ ಅವನ ನಂಬರಿನ ಜೊತೆ ನನ್ನದನ್ನು ಹೋಲಿಸುವುದು ಬಿಟ್ಟೆ. ಇಲ್ಲಿ ಒಂದೂಕಾಲು ಕೆ.ಜಿ. ಪ್ಲೇಟ್ ಇವೆ, ಇದು ದೊಡ್ಡ ಉಪಕಾರ. ಎರಡೂ ಕಡೆ ಒಂದೊಂದು ಹಾಕಿ ಎರಡೂವರೆ ಕೆ.ಜಿ. ಏರಿಸುತ್ತಾ ಹೋಗಬಹುದು. ಖಾಲಿ ಬಾರ್ 20 ಕೆ.ಜಿ.ಯಿಂದ ಶುರು ಮಾಡಿ ಈಗ 40ಕ್ಕೆ ಬಂದಿದ್ದೇನೆ. ಸ್ಕ್ವಾಟ್ 60, ಡೆಡ್‌ಲಿಫ್ಟ್ 85. ವಾರಕ್ಕೆ ಮೂರೇ ದಿನ, ಪ್ರತಿ ಸಲ ಒಂದು ಗಂಟೆ.

ತೊಂದರೆಗಳನ್ನೂ ಹೇಳಬೇಕು. ಕೋಣೆಯ ಎತ್ತರ 9 ಅಡಿ, ಫ್ಯಾನ್ ಅದಕ್ಕಿಂತ ಒಂದಡಿ ಕೆಳಗೆ. ನಾನು ನಿಂತು ಬಾರ್ ಮೇಲೆತ್ತಿದರೆ ಪ್ಲೇಟ್ ನೇರ ಫ್ಯಾನಿಗೆ. ಜೂನಿನಲ್ಲಿ ಒಂದು ಸಂಜೆ ಮರೆತು ಎತ್ತಿಬಿಟ್ಟೆ. ಮಳೆಗೆ ಕರೆಂಟ್ ಹೋಗಿತ್ತು, ಬರೀ ಒಂದು ರೆಕ್ಕೆ ಬಾಗಿತು. ಫ್ಯಾನ್ ತಿರುಗುತ್ತಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಮೈ ನಡುಗುತ್ತದೆ. ಈಗ ಕೂತೇ ಮಾಡುತ್ತೇನೆ. ಪುಲ್‌ಡೌನ್ ಮಷಿನ್ನಿನಲ್ಲಿ ತೊಡೆ ಒತ್ತಿಹಿಡಿಯುವ ಪ್ಯಾಡ್ ನನ್ನ ಮಂಡಿಗೆ ಸಾಲುವಷ್ಟು ಮೇಲೆ ಬರುವುದಿಲ್ಲ. ಕಡಲ ಗಾಳಿಗೆ ಬಾರ್ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಅಂಗೈ ಕಂದು ಬಣ್ಣ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಿ ಎಣ್ಣೆ ಒರೆಸಿದರೆ ಸಾಕು, ಆದರೆ ಯಾರಾದರೂ ನೆನಪಿಸಬೇಕು. ಸಂಜೆ 6ರ ಮೇಲೆ ಒಂದೇ ರ‍್ಯಾಕಿಗೆ ಐದು ಜನ. ಬೆಳಿಗ್ಗೆ ಹೋಗಿ.

ಪೌಡರ್ ಬಗ್ಗೆ ಇಲ್ಲಿ ಯಾರೂ ಮಾತೆತ್ತಲಿಲ್ಲ. ‘ಊಟ ಬರೆದುಕೊಂಡು ಬಾ’ ಅಂದರು. ಬರೆದಾಗ ಗೊತ್ತಾಯಿತು, ಜಾಸ್ತಿ ತಿನ್ನುತ್ತೇನೆ ಅಂದುಕೊಂಡಿದ್ದೆ, ಬೆಳಿಗ್ಗೆ ಬರೀ ಚಹಾ, ಎರಡು ಬನ್ಸ್. ಮೈತೂಕದ ಪ್ರತಿ ಕೆ.ಜಿ.ಗೆ ಒಂದೂವರೆ ಗ್ರಾಮಿಗಿಂತ ತುಸು ಮೇಲೆ ಪ್ರೋಟೀನ್ ಬೇಕು ಅಂತ ಲೆಕ್ಕ ಕೊಟ್ಟರು, ನನಗೆ ದಿನಕ್ಕೆ ಸುಮಾರು 100 ಗ್ರಾಂ. ಮೂರು ಮೊಟ್ಟೆ, ಮಧ್ಯಾಹ್ನ ಬಂಗಡೆ ಇಲ್ಲವೇ ತಾರ್ಲೆ ಸಾರು, ರಾತ್ರಿ ಹೆಸರುಕಾಳು, ಅರ್ಧ ಲೀಟರ್ ಹಾಲು. ಕುಚ್ಚಲಕ್ಕಿ ಅನ್ನ ಒಂದು ಸೌಟು ಜಾಸ್ತಿ. ನಾನು ಅಂಕೋಲೆಯವನು, ಮೇ ತಿಂಗಳಲ್ಲಿ ಅಮ್ಮ ಕರಿ ಇಶಾಡ ಮಾವಿನ ಹಣ್ಣು ಕಳಿಸಿದಳು. ಹಾಲಿಗೆ ಕಿವುಚಿ ಕುಡಿದೆ, ಆ ತಿಂಗಳು ಒಂದೂವರೆ ಕೆ.ಜಿ. ಏರಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ದುಬಾರಿ. ಆ ಎರಡು ತಿಂಗಳು ಮೊಟ್ಟೆ ಆರಕ್ಕೆ ಏರಿತು. ಒಣಮೀನು ಒಳ್ಳೆಯದೇ, ಆದರೆ ಉಪ್ಪು ಜಾಸ್ತಿ.

ಈಗ ಆಗಸ್ಟ್. ದೋಣಿಗಳು ಮತ್ತೆ ಕಡಲಿಗೆ ಇಳಿದಿವೆ. ನಿನ್ನೆ ಬೆಳಿಗ್ಗೆ ತೂಕ ನೋಡಿದೆ, 72.5. ಮುಂದಿನ ಆರು ತಿಂಗಳ ಫೀಸು ಒಟ್ಟಿಗೇ ಕಟ್ಟಿದ್ದೇನೆ. ಕಟ್ಟುವಾಗ ಫ್ಯಾನನ್ನು ಗೋಡೆಗೆ ಹಾಕಿಸಿ ಅಂತ ಕೇಳಿಕೊಂಡೆ. ದೀಪಾವಳಿಯೊಳಗೆ ಮಾಡಿಸುತ್ತೇವೆ ಅಂದಿದ್ದಾರೆ.