ಕಲಬುರಗಿಯ ಬಿಸಿಲಿಗೆ ವೆಟ್ ಪ್ಯಾಲೆಟ್: ಕೆಲವು ಬೇಸಿಗೆ ಬಳಸಿದ ಮೇಲೆ

ಮೇಜಿನ ಮೇಲೆ ಆಡುವ ಯುದ್ಧದಾಟದ ಸಣ್ಣ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಲು ಶುರು ಮಾಡಿದವರು ಮೊದಲು ಕೇಳುವುದು ಯಾವ ಬ್ರಷ್, ಯಾವ ಬಣ್ಣ ಅಂತ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ನಾನು ಹೇಳುವುದು ಬೇರೆ. ಮೊದಲು ಒಂದು ವೆಟ್ ಪ್ಯಾಲೆಟ್ ತೊಗೊಳ್ಳಿ. ಉಳಿದದ್ದು ಆಮೇಲೆ ನೋಡಿದರಾಯಿತು.

ಇದು ಬಿಗಿ ಮುಚ್ಚಳದ ಚಪ್ಪಟೆ ಡಬ್ಬಿ. ಒಳಗೆ ತೆಳು ಸ್ಪಂಜು, ಅದರ ಮೇಲೆ ಒಂದು ಹಾಳೆ. ಸ್ಪಂಜಿಗೆ ನೀರು ಹಾಕಿದರೆ ಹಾಳೆ ಆ ನೀರನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡುತ್ತದೆ. ಹಾಳೆಯ ಮೇಲಿಟ್ಟ ಬಣ್ಣ ಹಸಿಯಾಗಿಯೇ ಇರುತ್ತದೆ. ನನ್ನದು ಹೊರದೇಶದ ಕಂಪನಿಯದು, ನೋಟ್‌ಬುಕ್ ಅಳತೆಯದು. ಹೆಸರು ಬೇಡ, ಎಲ್ಲ ಕಂಪನಿಗಳದ್ದೂ ಕೆಲಸ ಮಾಡುವ ರೀತಿ ಒಂದೇ.

ಅಕ್ರಿಲಿಕ್ ಬಣ್ಣದಲ್ಲಿ ಇರುವುದು ಬಣ್ಣದ ಪುಡಿ, ಪ್ಲಾಸ್ಟಿಕ್ ಜಾತಿಯ ಅಂಟು ಮತ್ತು ನೀರು. ನೀರು ಆರಿದರೆ ಅಂಟು ಬಿಗಿಯುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಕರಗುವುದಿಲ್ಲ. ನಮ್ಮಲ್ಲಿ ಮೇ ತಿಂಗಳಿಗೆ ಬಿಸಿಲು 42 ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ತೇವ ಇರುವುದಿಲ್ಲ, ತಲೆ ಮೇಲೆ ಫ್ಯಾನ್ ಬೇರೆ. ತಟ್ಟೆಯಲ್ಲಿ ಒಂದು ಹನಿ ಬಣ್ಣ ಹಾಕಿ ಒಬ್ಬ ಸವಾರನ ಪೇಟಕ್ಕೆ ಹಚ್ಚಿ ತಿರುಗುವಷ್ಟರಲ್ಲಿ ಆ ಹನಿಯ ಅಂಚು ಕೆನೆಗಟ್ಟಿರುತ್ತದೆ. ಆ ಕೆನೆ ಬ್ರಷ್‌ಗೆ ಹತ್ತಿ ಗೊಂಬೆಯ ಮೇಲೆ ಗಂಟಾಗಿ ಕೂರುತ್ತದೆ. 28 ಎಂಎಂ ಎತ್ತರದ ಗೊಂಬೆಯ ಮುಖ ಒಂದು ತೊಗರಿ ಕಾಳಿನಷ್ಟು. ಅಲ್ಲಿ ಗಂಟು ಬಿದ್ದರೆ ಮೂಗೂ ಇಲ್ಲ, ತುಟಿಯೂ ಇಲ್ಲ.

ಈ ಡಬ್ಬಿಯಲ್ಲಿ ಅದೇ ಬಣ್ಣ ಇಡೀ ಸಂಜೆ ನಿಲ್ಲುತ್ತದೆ. ಕಡು ಬೇಸಿಗೆಯಲ್ಲಿ ಮಧ್ಯೆ ಮಧ್ಯೆ ಸ್ಪಂಜಿನ ಅಂಚಿಗೆ ನೀರು ಹಾಕಬೇಕು. ಫ್ಯಾನ್ ಆರಿಸಿ ಕೂಲರ್ ಹಾಕಿಕೊಂಡರೆ ಇನ್ನೂ ಚಲೋ, ಅದು ಒದ್ದೆ ಗಾಳಿ ಕೊಡುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇಡೀ ಸೈನ್ಯಕ್ಕೆ ಬಣ್ಣ ಹಚ್ಚುವವರಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕಲಸಿದ ಬಣ್ಣ ನಾಳೆಗೂ, ನಾಡಿದ್ದಿಗೂ ಉಳಿಯುತ್ತದೆ.

ನಾನು ಹಚ್ಚುತ್ತಿರುವುದು ಬಹಮನಿ ಸೈನ್ಯ. 1347ರಲ್ಲಿ ಶುರುವಾಗಿ ನಮ್ಮ ಊರನ್ನೇ ರಾಜಧಾನಿ ಮಾಡಿಕೊಂಡಿದ್ದ ರಾಜ್ಯ ಅದು. ಅದರ ಸೈನ್ಯದಲ್ಲಿ ಇರಾನ್, ಮಧ್ಯ ಏಷ್ಯಾದಿಂದ ಬಂದ ಅಫಾಕಿಗಳಿದ್ದರು. ಇಲ್ಲೇ ನೆಲೆಸಿದ್ದ ದಖನಿಗಳಿದ್ದರು. ಆಫ್ರಿಕಾ ಮೂಲದ ಹಬಶಿಗಳಿದ್ದರು. ಅಫಾಕಿ, ದಖನಿ ಬಣಗಳ ಜಗಳ ಎಷ್ಟು ಕೆಟ್ಟದಾಗಿತ್ತು ಅಂದರೆ, ಒಂದು ಸುಳ್ಳು ಪತ್ರದ ನೆಪದಲ್ಲಿ 1481ರಲ್ಲಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನ ತಲೆಯೇ ಹೋಯಿತು. ಇಂಥ ಸೈನ್ಯದ ಎಲ್ಲ ಮುಖಗಳಿಗೂ ಒಂದೇ ಕಂದು ಬಳಿದರೆ ಹೇಗೆ? ನನಗಂತೂ ಅದು ಒಪ್ಪುವುದಿಲ್ಲ.

ಮೈಬಣ್ಣ ಅಂತ ಬಾಟಲಿಯಲ್ಲಿ ಸಿಗುವುದು ಹೆಚ್ಚಾಗಿ ಯುರೋಪಿನವರ ಮೈಬಣ್ಣ. ದಖನಿ ಕಾಲಾಳಿಗೆ ಬೇಕಾದ ಬಣ್ಣವನ್ನು ನಾವೇ ಕಲಸಬೇಕು. ಕಂದಿಗೆ ಸ್ವಲ್ಪ ಕೆಂಪು, ಚೂರು ಹಳದಿ. ಕಣ್ಣಿನ ಕುಳಿಗೆ ಗಾಢವಾದದ್ದು, ಮೈಗೆ ಮಧ್ಯಮ, ಮೂಗು ಕೆನ್ನೆಗೆ ತಿಳಿ. ಹಬಶಿ ಸವಾರನಿಗೆ ಗಾಢ ಕಂದಿನ ಜೊತೆ ಚೂರೇ ಚೂರು ನೀಲಿ ಸೇರಿಸಿದರೆ ನೆರಳು ಸರಿಯಾಗಿ ಕೂರುತ್ತದೆ. ಒಂದು ತುಕಡಿ ಒಂದೇ ಸಂಜೆಗೆ ಮುಗಿಯುವುದಿಲ್ಲ, ಅಲ್ವಾ? ಮರುದಿನ ಹೊಸದಾಗಿ ಕಲಸಿದರೆ ನಿನ್ನೆಯ ಬಣ್ಣ ಬರುವುದಿಲ್ಲ. ಸಾಲಾಗಿ ನಿಲ್ಲಿಸಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಈಗ ಮುಚ್ಚಳ ಹಾಕಿ ಇಡುತ್ತೇನೆ. ಬೇಸಿಗೆಯಲ್ಲಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಡುತ್ತೇನೆ. ಮರುದಿನ ಒಮ್ಮೆ ಬ್ರಷ್ ಆಡಿಸಿದರೆ ಬಣ್ಣ ಮತ್ತೆ ಹದಕ್ಕೆ ಬರುತ್ತದೆ.

ಬಿಳಿ ಬಟ್ಟೆಗೂ ಇದೇ ಉಪಾಯ. ಹತ್ತಿಯ ಅಂಗಿಗೆ ಅಚ್ಚ ಬಿಳಿ ಹಾಕಿದರೆ ಸುಣ್ಣ ಹೊಡೆದ ಹಾಗಿರುತ್ತದೆ. ಮಣ್ಣಿನ ಬಣ್ಣ ಬೆರೆತ ಬೂದಿನಿಂದ ಹಿಡಿದು ಬಿಳಿಯವರೆಗೆ ಹಾಳೆಯ ಮೇಲೆ ಒಂದು ಸಾಲು ಮಾಡಿಕೊಳ್ಳಬೇಕು. ಮಡಿಕೆಯಿಂದ ಅಂಚಿನ ಕಡೆಗೆ ತೆಳುವಾಗಿ ಹಚ್ಚುತ್ತಾ ಹೋಗಬೇಕು.

ಬಾವುಟ, ಕುದುರೆಯ ಹೊದಿಕೆಗಳ ಬಣ್ಣಕ್ಕೆ ನಾನು ನೋಡುವುದು ಬೀದರ್ ಪಕ್ಕದ ಅಷ್ಟೂರನ್ನು. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗೆ ಕೆಂಪು, ನೀಲಿ, ಬಂಗಾರದ ಚಿತ್ತಾರ ಇನ್ನೂ ಇದೆ. ಬೀದರ್ ಊರೊಳಗೆ 1472ರ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನೂ ನೋಡಿ. ಸೈನಿಕರ ಬಟ್ಟೆ ಹೀಗೇ ಇತ್ತು ಅಂತ ಇವುಗಳಿಂದ ಹೇಳಲು ಬರುವುದಿಲ್ಲ. ಆದರೆ ಆ ಕಾಲದ ಜನ ಇಷ್ಟಪಟ್ಟ ಕೆಂಪು, ನೀಲಿ ಯಾವುವು ಅಂತ ಕಣ್ಣಿಗೆ ಸಿಗುತ್ತದೆ. ಅಂಗಡಿಯ ಬಾಟಲಿಯ ಕೆಂಪಿಗಿಂತ ಅದು ನೂರು ಪಾಲು ಮೇಲು. ಎದುರು ಪಾಳಯಕ್ಕೆ, ಅಂದರೆ ವಿಜಯನಗರದ ಸವಾರರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದದ್ದು ನೆರವಾಗುತ್ತದೆ. ಕೃಷ್ಣದೇವರಾಯನ ಸವಾರರು ಜರತಾರಿ, ಮಖಮಲ್ಲು, ರೇಷ್ಮೆಯ ದಪ್ಪ ಅಂಗಿ ತೊಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮಖಮಲ್ಲಿನ ಹೊಳಪಿಗೆ ತೆಳು ಬಣ್ಣದ ಪದರ ಹತ್ತಾರು ಬೇಕು. ಒಣ ತಟ್ಟೆಯಲ್ಲಿ ಅದು ಬೇಸಿಗೆಯಲ್ಲಿ ಆಗದ ಮಾತು.

ಕೊರತೆಗಳೂ ಇವೆ. ಬೆಳ್ಳಿ, ಬಂಗಾರ, ಉಕ್ಕಿನ ಬಣ್ಣಗಳನ್ನು ಇದರಲ್ಲಿ ಹಾಕಲೇಬೇಡಿ. ಅದರ ಹೊಳೆಯುವ ಪುಡಿ ನೀರಿನ ಜೊತೆ ಹರಡಿ ಪಕ್ಕದ ಬಣ್ಣಕ್ಕೂ ಸೇರುತ್ತದೆ. ಅವಕ್ಕೆ ಒಂದು ಟೈಲ್ಸ್ ತುಂಡು ಸಾಕು. ನೆರಳಿಗೆ ಬಳಸುವ ನೀರಾದ ವಾಶ್ ಕೂಡ ಇಲ್ಲಿ ನಿಲ್ಲುವುದಿಲ್ಲ. ನೀರು ಜಾಸ್ತಿಯಾದರೆ ಎಲ್ಲ ಬಣ್ಣವೂ ಹರಿಯುತ್ತದೆ. ಹಾಳೆ ಮಿನುಗಬೇಕು, ಮೇಲೆ ನೀರು ನಿಲ್ಲಬಾರದು.

ನಮ್ಮ ಬೋರ್‌ವೆಲ್ ನೀರು ಗಡಸು. ಸ್ಪಂಜು ಒಣಗಿದಾಗ ಬಿಳಿ ಉಪ್ಪು ಕಟ್ಟುತ್ತದೆ. ನಾನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸುತ್ತೇನೆ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್‌ಗಟ್ಟಲೆ ಸಿಗುತ್ತದೆ. ಮುಚ್ಚಿಟ್ಟ ಡಬ್ಬಿಯಲ್ಲಿ ಬೂಸು ಬಂದು ವಾಸನೆ ಹೊಡೆಯುವುದು ಇನ್ನೊಂದು ಕಾಟ. ಮಳೆಗಾಲದಲ್ಲಿ ಇದು ಹೆಚ್ಚು. ಒಂದು ತುಕಡಿ ಮುಗಿದ ಕೂಡಲೇ ಸ್ಪಂಜು ತೆಗೆದು ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮಲ್ಲೇನು ಬರವೇ!

ದುಡ್ಡು ಜಾಸ್ತಿ ಅನ್ನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಚಪ್ಪಟೆ ಟಿಫಿನ್ ಡಬ್ಬಿ, ಅಡುಗೆಮನೆ ಒರೆಸುವ ಸ್ಪಂಜಿನ ಬಟ್ಟೆ, ಬೇಕರಿ ಸಾಮಾನಿನ ಅಂಗಡಿಯ ಬೇಕಿಂಗ್ ಹಾಳೆ. ಮೇಣ ಬಳಿದ ಹಾಳೆ ಬೇಡ, ಅದು ನೀರು ಬಿಡುವುದಿಲ್ಲ. ಒಂದು ಸಂಜೆಯ ಕೆಲಸಕ್ಕೆ ಇದರಲ್ಲಿ ಏನೂ ಕಡಿಮೆಯಿಲ್ಲ. ರಾತ್ರಿ ಕಳೆಯುವುದು ಮಾತ್ರ ಡಬ್ಬಿಯ ಮುಚ್ಚಳದ ಮೇಲೆ ನಿಂತಿದೆ.

ಹಾಗಾಗಿ ಕೊಳ್ಳುವಾಗ ಬೇರೆಲ್ಲಕ್ಕಿಂತ ಮುಚ್ಚಳದ ಒಳಗಿನ ರಬ್ಬರ್ ಪಟ್ಟಿ ನೋಡಿ. ನನ್ನ ಡಬ್ಬಿಯ ಪಟ್ಟಿ ಬಿಸಿಲಿಗೆ ಗಟ್ಟಿಯಾಗಿ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ. ಬಿಡಿ ಪಟ್ಟಿ ಆ ಕಂಪನಿ ಮಾರುವುದಿಲ್ಲ. ಈಗ ಮುಚ್ಚಳದ ಸುತ್ತ ಎರಡು ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುತ್ತೇನೆ. ಬಣ್ಣ ಉಳಿಯುತ್ತಿದೆ. ಆದರೆ ಇನ್ನೊಂದು ಕೊಳ್ಳುವುದಾದರೆ ರಬ್ಬರ್ ಪಟ್ಟಿ, ಸ್ಪಂಜು, ಹಾಳೆ ಮೂರೂ ಬಿಡಿಯಾಗಿ ಸಿಗುವ ಕಂಪನಿಯದ್ದನ್ನೇ ತೊಗೊಳ್ಳುತ್ತೇನೆ.