ಮಕ್ಕಳ ಕಥೆಗೆ ಸದ್ದು, ಸಂಗೀತ ಸೇರಿಸೋಕೆ ಆಡಾಸಿಟಿ: ಹಲವು ವರ್ಷ ಬಳಸಿದ ಮೇಲಿನ ಮಾತು

ಮಕ್ಕಳಿಗೆ ಕಥೆ ರೆಕಾರ್ಡ್ ಮಾಡುವವರು ಮೊದಲು ಕೇಳುವುದು ಒಂದೇ: ಸಂಗೀತ ಸೇರಿಸೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಆಡಾಸಿಟಿ. ಪುಕ್ಕಟೆ ಸಿಗುತ್ತದೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕಥೆ ಹೇಳುವ ದನಿ ಬಂದಾಗ ಸಂಗೀತವನ್ನು ಬೇಕಾದಷ್ಟು ತಗ್ಗಿಸಿ ಪಕ್ಕಕ್ಕೆ ಸರಿಸಲು ಇದರಲ್ಲಿ ಸಲೀಸು. ಮಕ್ಕಳ ಕಥೆಯಲ್ಲಿ ಅರ್ಧ ಕೆಲಸ ಅದೇ.

ಇದು 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಾಫ್ಟ್‌ವೇರ್. ಜನರ ಕೈಗೆ ಸಿಕ್ಕಿದ್ದು 2000ದಲ್ಲಿ. 2021ರಿಂದ ಮ್ಯೂಸ್ ಗ್ರೂಪ್ ಅನ್ನುವ ಕಂಪನಿ ನೋಡಿಕೊಳ್ಳುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಸದ್ದುಗದ್ದಲದ ನಡುವೆ ಮಾತು ಹಿಡಿಯುವುದು ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೆ ಕಷ್ಟ. ಬಿಟ್ಟುಹೋದ ಪದವನ್ನು ನಾವು ಊಹಿಸಿಕೊಳ್ಳುತ್ತೇವೆ. ಮಗುವಿಗೆ ಆ ಪದವೇ ಹೊಸದಾಗಿರಬಹುದು, ಊಹೆ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಕಿವಿಗೆ ‘ಚೆನ್ನಾಗಿದೆ’ ಅನ್ನಿಸುವ ಹಿನ್ನೆಲೆ ಸಂಗೀತ ಮಕ್ಕಳಿಗೆ ಜಾಸ್ತಿಯೇ ಆಗಿರುತ್ತದೆ. ಇಲ್ಲಿ ನೆರವಿಗೆ ಬರುವುದು ಆಡಾಸಿಟಿಯ ಆಟೋ ಡಕ್ ಅನ್ನುವ ಎಫೆಕ್ಟ್. ಸಂಗೀತದ ಟ್ರ್ಯಾಕನ್ನು (ಪರದೆಯಲ್ಲಿ ಒಂದೊಂದು ಸದ್ದಿಗೂ ಇರುವ ಸಾಲು) ಮೇಲಿಟ್ಟು, ಅದರ ಕೆಳಗೇ ದನಿಯ ಟ್ರ್ಯಾಕ್ ಇಡಬೇಕು. ಮೇಲಿನದನ್ನು ಆಯ್ದು ಎಫೆಕ್ಟ್ ಕೊಟ್ಟರೆ, ಮಾತಿರುವ ಕಡೆಯೆಲ್ಲ ಸಂಗೀತ ತಾನಾಗೇ ತಗ್ಗುತ್ತದೆ. ಎಷ್ಟು ತಗ್ಗಬೇಕು ಅನ್ನುವುದಕ್ಕೆ ಮೊದಲೇ ಹೊಂದಿಸಿಟ್ಟ ಅಳತೆ 12 ಡೆಸಿಬಲ್. ಮೆತ್ತನೆಯ ವೀಣೆಗೋ ಕೊಳಲಿಗೋ ಅಷ್ಟು ಸಾಕು. ತಾಳವಾದ್ಯ ಇದ್ದರೆ ನಾನು ಇನ್ನೂ ಇಳಿಸುತ್ತೇನೆ. ಹಾಡಿನ ಸಾಹಿತ್ಯ ಇರುವ ಸಂಗೀತವನ್ನಂತೂ ಮಾತಿನ ಕೆಳಗೆ ಹಾಕುವುದೇ ಇಲ್ಲ.

ಆಟೋ ಡಕ್ ತೆರೆಯುವ ಕಿಟಕಿಯಲ್ಲಿ ‘ಮ್ಯಾಕ್ಸಿಮಮ್ ಪಾಝ್’ ಅಂತ ಒಂದು ಸೆಟ್ಟಿಂಗ್ ಇದೆ. ಇದನ್ನು ತುಂಬ ಜನ ಮುಟ್ಟುವುದಿಲ್ಲ. ಮಾತು ನಿಂತು ಎಷ್ಟು ಹೊತ್ತಾದರೆ ಸಂಗೀತ ಮತ್ತೆ ಮೇಲೇಳಬೇಕು ಎಂದು ಇದು ತೀರ್ಮಾನಿಸುತ್ತದೆ. ಮೊದಲಿಗೆ ಇರುವುದು 1 ಸೆಕೆಂಡ್. ಸುದ್ದಿ ಓದುವವರಿಗೆ ಅದು ಸರಿ. ಆದರೆ ಕಥೆ ಹೇಳುವವರು ‘ಗುಹೆಯೊಳಗೆ ಇಣುಕಿ ನೋಡಿದ...’ ಎಂದು ನಿಲ್ಲಿಸುತ್ತಾರಲ್ಲ, ಆ ನಿಲುಗಡೆ 2 ಸೆಕೆಂಡ್ ಆದರೂ ಇರುತ್ತದೆ. ಮಗು ಉಸಿರು ಬಿಗಿಹಿಡಿದು ಕಾಯುವ ಜಾಗ ಅದು. ಅಲ್ಲಿ ಸಂಗೀತ ದಿಢೀರನೆ ಎದ್ದು ಬಂದರೆ ಕುತೂಹಲವೆಲ್ಲ ಹಾಳು. ಅದನ್ನು 3 ಸೆಕೆಂಡಿಗೆ ಏರಿಸಿ ನೋಡಿ, ಕಥೆಯ ಓಟವೇ ಬದಲಾಗುತ್ತದೆ.

ಮುಖ್ಯವಾದ ಸನ್ನಿವೇಶಗಳಲ್ಲಿ ನಾನು ಆಟೋ ಡಕ್ ಬಿಟ್ಟು ಎನ್ವೆಲಪ್ ಟೂಲ್ ಹಿಡಿಯುತ್ತೇನೆ. ಪರದೆಯಲ್ಲಿ ಕಾಣುವ ಸದ್ದಿನ ಅಲೆಯ ಮೇಲೆ ಕ್ಲಿಕ್ ಮಾಡಿ ಚುಕ್ಕಿ ಇಟ್ಟು ಮೇಲೆ ಕೆಳಗೆ ಎಳೆದರೆ ಆಯಿತು, ಸದ್ದು ನಾವು ಹೇಳಿದಂತೆ ಏರುತ್ತದೆ, ಇಳಿಯುತ್ತದೆ. ನಿಧಾನದ ಕೆಲಸ ನಿಜ. ಆದರೆ ಕಥೆಯ ಭಾವ ಕೈಗೆ ಸಿಗುವುದು ಇಲ್ಲೇ.

ಇನ್ನು ಸದ್ದುಗಳು. ಬೆಕ್ಕಿನ ಗುರ್ರನ್ನು ‘ಚೇಂಜ್ ಸ್ಪೀಡ್ ಅಂಡ್ ಪಿಚ್’ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಸ್ವರ ಒಂದು ಸಪ್ತಕ ಕೆಳಗಿಳಿಯುತ್ತದೆ. ಗುಹೆಯೊಳಗಿನ ಹುಲಿ ಸಿದ್ಧ! ಒಣಕಾಳನ್ನು ತಟ್ಟೆಯ ಮೇಲೆ ಮೆಲ್ಲಗೆ ಸುರಿದರೆ ಮಳೆ. ತೆಂಗಿನ ಚಿಪ್ಪಿನ ಎರಡು ಹೋಳು ಬಡಿದರೆ ಕುದುರೆ, ರೇಡಿಯೋ ನಾಟಕದವರು ಹಿಂದಿನಿಂದ ಮಾಡುತ್ತ ಬಂದಿರುವುದು ಇದನ್ನೇ. ರೆಕಾರ್ಡ್ ಮಾಡುವಾಗ ಮಕ್ಕಳನ್ನೇ ಕೂರಿಸಿಕೊಂಡು ಮಾಡಿಸಿ. ತಾವೇ ಮಾಡಿದ ಮಳೆ ಕಥೆಯಲ್ಲಿ ಸುರಿದಾಗ ಅವರ ಮುಖ ನೋಡಬೇಕು.

ಸದ್ದನ್ನು ಎಲ್ಲಿ ಇಡಬೇಕು ಅನ್ನುವುದೂ ಅಷ್ಟೇ ಮುಖ್ಯ. ‘ಮರ ದಢಾರ್ ಅಂತ ಬಿತ್ತು’ ಎಂದು ನೀವೇ ದನಿಯಲ್ಲಿ ಬೀಳಿಸಿದ ಮೇಲೆ ಅದರ ಮೇಲೊಂದು ಎಫೆಕ್ಟ್ ಹೇರಿದರೆ ಎರಡೂ ಕೆಡುತ್ತವೆ. ಒಂದೋ ನೀವು ಹೇಳಿ, ಇಲ್ಲ ಸದ್ದು ಹೇಳಲಿ. ಮಿಂಚಿನ ಮಾತು ಮುಗಿದು 3 ಸೆಕೆಂಡ್ ಬಿಟ್ಟು ಗುಡುಗು ಹಾಕಿದರೆ, ಸಿಡಿಲು ಸುಮಾರು 1 ಕಿಲೋಮೀಟರ್ ದೂರದಲ್ಲಿ ಬಿದ್ದಂತೆ. ಮುಂದಿನ ಗುಡುಗು 1 ಸೆಕೆಂಡಿಗೇ ಬರಲಿ. ಮಳೆ ಹತ್ತಿರ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಫ್ಯಾನಿನ ಗುಂಯ್ ತೆಗೆಯಲು ನಾಯ್ಸ್ ರಿಡಕ್ಷನ್ ಇದೆ. ತಗ್ಗಿಸುವ ಅಳತೆಯನ್ನು 6ರಿಂದ 12 ಡೆಸಿಬಲ್ ಒಳಗೆ ಇಟ್ಟುಕೊಳ್ಳಿ. ಜಾಸ್ತಿ ಕೊಟ್ಟರೆ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ.

ಕೊರತೆಗಳೂ ಇವೆ. ಆಟೋ ಡಕ್ ಮಾಡಿದ ಬದಲಾವಣೆ ನೇರವಾಗಿ ಸಂಗೀತದ ಟ್ರ್ಯಾಕಿಗೇ ಸೇರಿಬಿಡುತ್ತದೆ. ಆಮೇಲೆ ದನಿಯಲ್ಲಿ ಒಂದು ವಾಕ್ಯ ಸರಿಸಿದರೂ ಅದನ್ನು ಹೊಸದಾಗಿ ಕೊಡಬೇಕು. ಅದಕ್ಕೇ ಸಂಗೀತದ ಟ್ರ್ಯಾಕಿನ ಒಂದು ನಕಲು ಮ್ಯೂಟ್ ಮಾಡಿ ಇಟ್ಟುಕೊಂಡಿರುತ್ತೇನೆ. 2022ರ 3.2 ಆವೃತ್ತಿಯಿಂದ ಕೆಲವು ಎಫೆಕ್ಟ್‌ಗಳನ್ನು ಕೇಳುತ್ತ ಕೇಳುತ್ತಲೇ ಹೊಂದಿಸಬಹುದು. ಅದು ಬಂದದ್ದು ನಿಜಕ್ಕೂ ದೊಡ್ಡ ಅನುಕೂಲ. ಫೋನಿನಲ್ಲಿ ಮಾತ್ರ ಆಡಾಸಿಟಿ ಇಲ್ಲ, ಕಂಪ್ಯೂಟರ್ ಬೇಕೇ ಬೇಕು.

ನಾವೇ ಮಾಡಲಾಗದ ಸದ್ದು ಬೇಕಾದಾಗ ನಾನು ಹೋಗುವುದು ಫ್ರೀಸೌಂಡ್‌ಗೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ ಭಂಡಾರ ಅದು. ಉಚಿತ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಷರತ್ತಿನವಲ್ಲ. ಅಲ್ಲಿ ಪ್ರತಿ ಸದ್ದಿನ ಜೊತೆ ಅದರ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ಬರೆದಿರುತ್ತದೆ. ಸಿಸಿ ಝೀರೋ ಇದ್ದರೆ ಹೇಗೆ ಬೇಕಾದರೂ ಬಳಸಬಹುದು. ಬಿವೈ ಇದ್ದರೆ ಸದ್ದು ಮಾಡಿದವರ ಹೆಸರು ಹಾಕಲೇಬೇಕು. ಎನ್‌ಸಿ ಇದ್ದರೆ ದುಡ್ಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಇಳಿಸಿಕೊಂಡ ತಕ್ಷಣ ಫೈಲಿನ ಹೆಸರಿನಲ್ಲೇ ಲೈಸೆನ್ಸನ್ನೂ ಮಾಡಿದವರ ಹೆಸರನ್ನೂ ಬರೆದಿಡಿ. ಕಥೆ ಸಿದ್ಧವಾದ ಮೇಲೆ ‘ಈ ಕಪ್ಪೆ ಯಾರದ್ದು’ ಎಂದು ಹುಡುಕುತ್ತ ಕೂರುವುದು ತಪ್ಪುತ್ತದೆ.