ಇ-ಗ್ರಾಮಸ್ವರಾಜ್ ಆ್ಯಪ್ ರಿವ್ಯೂ: ಪಂಚಾಯ್ತಿ ದುಡ್ಡು ಫೋನಲ್ಲಿ ಎಷ್ಟು ಕಾಣತ್ತೆ, ಎಷ್ಟು ಕಾಣಲ್ಲ

ಹೋದ ವರ್ಷ ಬೇಸಿಗೇಲಿ ಅಮ್ಮ ಊರಿಂದ ಫೋನ್ ಮಾಡಿ "ಮತ್ತೆ ಮೋಟ್ರು ಸುಟ್ಟೋಗಿದ್ಯಂತೆ ಕಣೋ, ಮೂರು ದಿನದಿಂದ ನಲ್ಲೀಲಿ ನೀರಿಲ್ಲ" ಅಂದ್ರು. ಈ 'ಮತ್ತೆ' ಅನ್ನೋ ಮಾತು ತಲೇಲಿ ಕೂತ್ಕೊಂಡ್ಬಿಡ್ತು. ಎಷ್ಟು ಸಲ ರಿಪೇರಿ ಆಗಿದೆ, ಯಾವ ದುಡ್ಡಲ್ಲಿ, ಯಾರಿಗೆ ಕೊಟ್ರು ಅಂತ ಊರಲ್ಲಿ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಕೊನೆಗೆ ಅದು ಪಾರ್ಟಿ ಜಗಳ ಆಗತ್ತೆ. ಅವತ್ತು ರಾತ್ರೀನೇ ಇ-ಗ್ರಾಮಸ್ವರಾಜ್ ಆ್ಯಪ್ ಹಾಕ್ಕೊಂಡೆ. ಈಗ ಒಂದು ವರ್ಷದ ಮೇಲಾಯ್ತು, ಬಳಸಿದ ಅನುಭವ ಬರೀತಿದೀನಿ, ಊರಲ್ಲಿ ಮನೆ ಜಮೀನು ಇರೋ ಯಾರಿಗಾದ್ರೂ ಉಪಯೋಗ ಆಗ್ಬಹುದು.

ಇದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ್ದು, 2020ರ ಏಪ್ರಿಲ್ 24ಕ್ಕೆ ಶುರು ಮಾಡಿದ್ದು. ಏಪ್ರಿಲ್ 24 ಯಾಕಂದ್ರೆ 1993ರಲ್ಲಿ ಅದೇ ದಿನ ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು. ದುಡ್ಡು ಕೊಡಂಗಿಲ್ಲ, ನೋಡೋದಕ್ಕೆ ಲಾಗಿನ್ ಕೂಡ ಬೇಡ. ರಾಜ್ಯ, ಜಿಲ್ಲೆ, ತಾಲ್ಲೂಕು, ಆಮೇಲೆ ನಿಮ್ಮ ಗ್ರಾಮ ಪಂಚಾಯ್ತಿ ಆರಿಸ್ಕೊಂಡ್ರೆ ಮುಖ್ಯವಾಗಿ ಮೂರು ವಿಷಯ ಸಿಗತ್ತೆ: ಚುನಾಯಿತ ಸದಸ್ಯರು ಯಾರು, ಆ ವರ್ಷಕ್ಕೆ ಮಂಜೂರಾದ ಕಾಮಗಾರಿ ಯಾವ್ದು, ಎಷ್ಟು ದುಡ್ಡು ಬಂತು ಎಷ್ಟು ಹೋಯ್ತು. ಆ್ಯಪಲ್ಲಿ ಇಷ್ಟೇ ಅಂತ ನಿಲ್ಲಿಸ್ಬೇಡಿ, ಕಂಪ್ಯೂಟರಲ್ಲಿ ಇದರ ವೆಬ್‌ಸೈಟಿಗೆ ಹೋಗಿ ರಿಪೋರ್ಟ್ಸ್ ಭಾಗ ತೆಗೆದ್ರೆ ಯೋಜನೆವಾರು ಲೆಕ್ಕ, ಅದರೊಳಗೆ ವೋಚರ್ (ಒಂದೊಂದು ಪೇಮೆಂಟಿನ ಚೀಟಿ) ತನಕ ಹೋಗ್ಬಹುದು. ನನಗೆ ನಿಜವಾಗ್ಲೂ ಖುಷಿ ಆಗಿದ್ದು ಅಲ್ಲೇ. ನಮ್ಮಪ್ಪನ ಕಾಲದಲ್ಲಿ ಪಂಚಾಯ್ತಿ ಕ್ಯಾಶ್‌ಬುಕ್ ಅಂದ್ರೆ ಸೆಕ್ರೆಟರಿ ಬೀರು ಒಳಗೆ ಬೀಗ ಹಾಕಿರೋ ವಸ್ತು, ಈಗ ಬಸ್ಸಲ್ಲಿ ಕೂತ್ಕೊಂಡು ನೋಡ್ತೀವಲ್ಲ, ಅದು ಸಣ್ಣ ವಿಷಯ ಅಲ್ಲ.

ಈ ಲೆಕ್ಕ ಆನ್‌ಲೈನಿಗೆ ಬಂದಿದ್ದರ ಹಿಂದೆ ಒಂದು ಷರತ್ತಿದೆ, ತುಂಬ ಜನಕ್ಕೆ ಗೊತ್ತಿಲ್ಲ. ಕೇಂದ್ರದ ತೆರಿಗೆ ದುಡ್ಡಲ್ಲಿ ಯಾರಿಗೆಷ್ಟು ಅಂತ ಶಿಫಾರಸು ಮಾಡೋ 15ನೇ ಹಣಕಾಸು ಆಯೋಗ 2021ರಿಂದ 2026ರ ತನಕ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಅಂತ 2,36,805 ಕೋಟಿ ರೂಪಾಯಿ ಶಿಫಾರಸು ಮಾಡ್ತು, ಮಾಡುವಾಗ್ಲೇ ಹೇಳ್ತು, ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಎರಡೂ ಜನಕ್ಕೆ ಆನ್‌ಲೈನಲ್ಲಿ ಸಿಗಬೇಕು, ಇಲ್ದಿದ್ರೆ ಗ್ರ್ಯಾಂಟ್ ಇಲ್ಲ ಅಂತ. ಗ್ರ್ಯಾಂಟ್ ನಿಲ್ಲತ್ತೆ ಅಂದ್ರೆ ಎಂಟ್ರಿ ಆಗೇ ಆಗತ್ತೆ. ಬರೀ ಸುತ್ತೋಲೆ ಕಳ್ಸಿದ್ರೆ ಇದು ಆಗ್ತಿರ್ಲಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ನೋಡೋದು ಹೇಗೆ. ಆ ಆಯೋಗದ ದುಡ್ಡಲ್ಲಿ 60 ಪರ್ಸೆಂಟ್ ಟೈಡ್, ಅಂದ್ರೆ ಅರ್ಧ ಕುಡಿಯೋ ನೀರು ಮಳೆನೀರು ಕೊಯ್ಲಿಗೆ, ಇನ್ನರ್ಧ ಸ್ವಚ್ಛತೆಗೆ ಅಂತ ಕಟ್ಟಿಟ್ಟಿರೋದು, ಉಳಿದ 40 ಪರ್ಸೆಂಟ್ ಅನ್‌ಟೈಡ್, ಊರಿಗೆ ಬೇಕಾದ್ದಕ್ಕೆ ಬಳಸ್ಬಹುದು ಆದ್ರೆ ಸಂಬಳ ಮತ್ತೆ ಆಫೀಸ್ ಖರ್ಚಿಗೆ ಬಳಸಂಗಿಲ್ಲ. ಇದು ತಲೇಲಿ ಇಟ್ಕೊಂಡು ಪಟ್ಟಿ ಓದಿದ್ರೆ ಅಂಕಿಗಳು ಮಾತಾಡೋಕೆ ಶುರು ಮಾಡ್ತವೆ. ಆಮೇಲೆ ತಾರೀಖು ನೋಡಿ, ವರ್ಷ ಪೂರ್ತಿ ಸುಮ್ನಿದ್ದು ಮಾರ್ಚ್ ಕೊನೇ ವಾರದಲ್ಲಿ ಸಾಲಾಗಿ ಪೇಮೆಂಟ್ ಆಗಿದ್ಯಾ, ಒಬ್ಬನೇ ಸಪ್ಲೈಯರ್‌ಗೆ ಪದೇ ಪದೇ ಹೋಗಿದ್ಯಾ, ಒಂದೇ ಚರಂಡಿ 'ಭಾಗ 1' 'ಭಾಗ 2' ಅಂತ ಒಡೆದು ಟೆಂಡರ್ ಕರೀಲೇಬೇಕಾದ ಮಿತಿಗಿಂತ ಸ್ವಲ್ಪ ಕೆಳಗೆ ಬರೋ ಹಾಗೆ ಬಿಲ್ ಆಗಿದ್ಯಾ. ಇಷ್ಟು ಕಂಡ ತಕ್ಷಣ ಕಳ್ಳತನ ಅಂತ ತೀರ್ಮಾನ ಮಾಡ್ಬೇಡಿ ದಯವಿಟ್ಟು. ಕಂತು ಲೇಟಾಗಿ ಬಂದಿದ್ರೆ ಖರ್ಚೂ ಲೇಟಾಗತ್ತೆ. ಇವೆಲ್ಲ ಕೇಳೋ ಪ್ರಶ್ನೆಗಳು ಅಷ್ಟೇ.

ನಮ್ಮ ಪಂಚಾಯ್ತೀದು ನೋಡ್ದಾಗ ಮೋಟ್ರು ರಿಪೇರಿ ಅಂತ ಎಂಟು ತಿಂಗಳಲ್ಲಿ ಮೂರು ಎಂಟ್ರಿ ಕಾಣ್ತು. ಆದ್ರೆ ಯಾವ ಬೋರಿಂದು ಅಂತ ಬರೆದಿಲ್ಲ, ಕನ್ನಡದ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಅರ್ಧಂಬರ್ಧ ಟೈಪ್ ಮಾಡಿದ್ದಾರೆ, ನಮ್ಮಮ್ಮ ಹೋಗ್ಲಿ ನನಗೇ ಓದೋಕೆ ಕಷ್ಟ ಆಯ್ತು. ಏಳು ಹಳ್ಳಿ ಸೇರಿರೋ ಪಂಚಾಯ್ತೀಲಿ 'ಮೋಟ್ರು ರಿಪೇರಿ' ಅಂತ ಮಾತ್ರ ಬರೆದ್ರೆ ಏನು ಅರ್ಥ ಮಾಡ್ಕೋಬೇಕು? ಆ್ಯಪ್ ಒಂದು ಕನ್ನಡಿ ಇದ್ದ ಹಾಗೆ, ಪಂಚಾಯ್ತೀಲಿ ಏನು ತುಂಬಿದ್ರೋ ಅದೇ ಕಾಣತ್ತೆ. ಊರ ಹೆಸರು, ಬೋರಿನ ಜಾಗ, ಕೇರಿ ಹೆಸರು ಬರೀಲೇಬೇಕು ಅಂತ ಆಗ್ಬೇಕು.

ಇನ್ನೊಂದು ದೊಡ್ಡ ವಿಷಯ, ಇಲ್ಲಿ ಮುಖ್ಯವಾಗಿ ಸಿಗೋದು ಹಣಕಾಸು ಆಯೋಗದ ಅನುದಾನದ ಲೆಕ್ಕ. ಆ ದುಡ್ಡು ಬ್ಯಾಂಕಿಂದ ನೇರವಾಗಿ ಸಪ್ಲೈಯರ್ ಖಾತೆಗೆ ಹೋಗತ್ತೆ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತೆ ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿ ಬೇಕು, ಜನ ಡೊಂಗಲ್ ಅಂತಾರಲ್ಲ ಅದು. (ನಿಮ್ಮೂರಲ್ಲಿ ಅಧ್ಯಕ್ಷರ ಡೊಂಗಲ್ ಅಧ್ಯಕ್ಷರ ಹತ್ರಾನೇ ಇದ್ಯಾ ಅಂತ ಒಂದ್ಸಲ ವಿಚಾರಿಸಿ, ಅದರಲ್ಲೂ ಅಧ್ಯಕ್ಷೆ ಹೆಣ್ಮಗಳಾಗಿದ್ರೆ, ಪಾಸ್‌ವರ್ಡ್ ಅವರಿಗೇ ಗೊತ್ತಿದ್ಯಾ ಅಂತ.) ಆದ್ರೆ ನಾವು ನೀವು ಕಟ್ಟೋ ಮನೆ ಕಂದಾಯ, ನೀರಿನ ಕರ, ಅಂಗಡಿ ಮಳಿಗೆ ಬಾಡಿಗೆ ಇದೆಲ್ಲ ಪಂಚಾಯ್ತಿ ಸ್ವಂತ ಸಂಪನ್ಮೂಲ, ಇದರ ಲೆಕ್ಕ ನಮ್ಮ ರಾಜ್ಯದ ಪಂಚತಂತ್ರ ತಂತ್ರಾಂಶದಲ್ಲಿ ಬೇರೆ ನಡೆಯತ್ತೆ. ಬಿಲ್ ಕಲೆಕ್ಟರ್ ಕೈಗೆ ನಗದು ಕೊಡೋ ಜಾಗ ಇದೇ, ಹಾಗಾಗಿ ಸೋರೋ ಜಾಗಾನೂ ಇದೇ. ರಸೀದಿ ಇಲ್ದೆ ಒಂದು ರೂಪಾಯೀನೂ ಕೊಡ್ಬೇಡಿ, ಅಮ್ಮನಿಗೂ ಇದನ್ನೇ ಹೇಳಿದೀನಿ. ರಸೀದಿ ತಗೊಂಡು ಓದಿ, ಕಂದಾಯದ ಮೇಲೆ 34 ಪರ್ಸೆಂಟ್ ಸೆಸ್ ಇರತ್ತೆ, ಆರೋಗ್ಯ 15, ಶಿಕ್ಷಣ 10, ಗ್ರಂಥಾಲಯ 6, ಭಿಕ್ಷುಕರ ಸೆಸ್ 3. ಇದು ಪಂಚಾಯ್ತಿ ದುಡ್ಡಲ್ಲ, ವಸೂಲಿ ಮಾಡಿ ಮೇಲೆ ಕಟ್ಟಬೇಕಾದ್ದು. ಕಟ್ಟಿದ್ದಾರಾ ಅಂತ ಕೇಳಿ, ಈ ಪ್ರಶ್ನೆಗೆ ಉತ್ತರ ಕೊಡೋ ರೀತೀಲೇ ಆಫೀಸು ಹೇಗಿದೆ ಅಂತ ಗೊತ್ತಾಗತ್ತೆ.

ಬ್ಯಾಂಕ್ ಸ್ಟೇಟ್‌ಮೆಂಟ್ ನೋಡೋದು ಯಾಕೆ ಮುಖ್ಯ ಅನ್ನೋದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಅನ್ನೋ ಊರಿನ ಕಥೆ ನನಗೆ ಯಾವಾಗ್ಲೂ ನೆನಪಾಗತ್ತೆ. ಸುಮಾರು 16 ಸಾವಿರ ಜನ ಇರೋ ಊರು. ರೀಟಾ ಕ್ರಂಡ್‌ವೆಲ್ ಅನ್ನೋ ಲೆಕ್ಕಾಧಿಕಾರಿ 1990ರಿಂದ 2012ರ ತನಕ ಊರಿನ ಹೆಸರಲ್ಲೇ ಗುಟ್ಟಾಗಿ ಇನ್ನೊಂದು ಖಾತೆ ಇಟ್ಕೊಂಡು 5 ಕೋಟಿ ಡಾಲರ್‌ಗೂ ಜಾಸ್ತಿ ನುಂಗಿ ಕುದುರೆ ಸಾಕ್ತಿದ್ಲು. ಆಡಿಟ್ ಆಗ್ತಾನೇ ಇತ್ತು, ಯಾರಿಗೂ ಗೊತ್ತಾಗ್ಲಿಲ್ಲ. ಅವಳು ರಜೆ ಮೇಲೆ ಹೋದಾಗ ಇನ್ನೊಬ್ಬ ಸಿಬ್ಬಂದಿ ಎಲ್ಲಾ ಖಾತೆಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದ್ರು, ಅದರಲ್ಲಿ ಗೊತ್ತಿಲ್ಲದ ಖಾತೆ ಒಂದು ಇತ್ತು, ಅಷ್ಟೇ. 2013ರಲ್ಲಿ 19 ವರ್ಷ 7 ತಿಂಗಳು ಶಿಕ್ಷೆ ಆಯ್ತು. ಚೆಕ್ ಬರೆಯೋರು, ಪುಸ್ತಕ ಬರೆಯೋರು, ಬ್ಯಾಂಕಿಗೆ ಹೋಗೋರು ಒಬ್ಬರೇ ಆದ್ರೆ ಏನಾಗತ್ತೆ ಅಂತ ಆ ಊರು ನೋಡ್ತು. ನಮ್ಮ ಎಷ್ಟೋ ಪಂಚಾಯ್ತೀಲಿ ಇರೋದೇ ನಾಲ್ಕೈದು ಜನ ಸಿಬ್ಬಂದಿ, ಅದಕ್ಕೇ ಹೇಳಿದೆ.

ಹಾಗಾಗಿ ಆ ಮೂರು ಮೋಟ್ರು ಎಂಟ್ರಿ ಇರೋ ಪಟ್ಟಿ ಪ್ರಿಂಟ್ ತಗೊಂಡು ಜಮಾಬಂದಿಗೆ ಹೋದೆ. ಜಮಾಬಂದಿ ಗೊತ್ತಿಲ್ದೋರಿಗೆ ಹೇಳ್ಬೇಕು, ಇದು ನಮ್ಮ ಕರ್ನಾಟಕದ್ದೇ ಒಳ್ಳೇ ವ್ಯವಸ್ಥೆ, ವರ್ಷಕ್ಕೊಂದ್ಸಲ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹೊರಗಿನ ಅಧಿಕಾರಿ ಒಬ್ಬರು ಬಂದು ಹಿಂದಿನ ವರ್ಷದ ದಾಖಲೆ ಪುಸ್ತಕಗಳನ್ನೆಲ್ಲ ಜನರ ಮುಂದೆ ಇಡಿಸಿ, ಕಾಮಗಾರಿ ಜಾಗಕ್ಕೂ ಹೋಗಿ ನೋಡ್ಬೇಕು. ನಾವು ಹೋದಾಗ ಶಾಮಿಯಾನ, ಕುರ್ಚಿ, ಟೀ ಎಲ್ಲ ಇತ್ತು, ಜನ ಇಪ್ಪತ್ತೈದು ಇರ್ಬಹುದು, ಅದರಲ್ಲಿ ಅರ್ಧ ಸದಸ್ಯರು ಮತ್ತೆ ಸಿಬ್ಬಂದಿ. ಓದಿ ಮುಗಿಸೋ ಆತುರ ಇತ್ತು. ನಾನು ಎದ್ದು ನಿಂತು ಮೂರು ವೋಚರ್ ನಂಬರ್ ಹೇಳಿದೆ, ಸದಸ್ಯರೊಬ್ಬರು "ನೀವು ಊರಲ್ಲಿ ಇರೋರಲ್ಲ, ನಿಮಗ್ಯಾಕೆ" ಅಂದ್ರು, ಆದ್ರೆ ಬಂದಿದ್ದ ಅಧಿಕಾರಿ ಮೇಡಮ್ಮು "ನಂಬರ್ ಹೇಳ್ತಿದಾರಲ್ಲ, ಫೈಲ್ ತೆಗೀರಿ" ಅಂದ್ರು. ಆ ಒಂದು ಮಾತು ಪೂರ್ತಿ ಸಭೆ ಬದಲಾಯಿಸ್ತು. ಸುಮ್ನೆ "ದುಡ್ಡೆಲ್ಲ ತಿಂದವ್ರೆ" ಅಂತ ಕೂಗಿದ್ದಿದ್ರೆ ಯಾರೂ ಫೈಲ್ ತೆಗೀತಿರ್ಲಿಲ್ಲ, ತಾರೀಖು ನಂಬರ್ ಇದ್ದಿದ್ದಕ್ಕೆ ತೆಗೆದ್ರು, ಈ ಆ್ಯಪಿನ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಆ ಕ್ಷಣ.

ಫೈಲಲ್ಲಿ ಏನಿತ್ತು ಅಂದ್ರೆ, ಮೂರರಲ್ಲಿ ಎರಡು ಪಕ್ಕದ ಹಳ್ಳಿ ಬೋರಿಂದು, ಬಿಲ್ಲು, ವಾಟರ್‌ಮ್ಯಾನ್ ಸಹಿ ಎಲ್ಲ ಸರಿ ಇತ್ತು, ನನ್ನ ಅನುಮಾನ ತಪ್ಪು, ಅಲ್ಲೇ ಒಪ್ಕೊಂಡೆ. ಮೂರನೇದು ನಮ್ಮೂರಿಂದು, ಅದು ರಿಪೇರೀನೇ ಅಲ್ಲ, ಹೊಸ ಮೋಟ್ರು ತಂದಿದ್ದು. ತಂದಿದ್ದೂ ನಿಜ, ಈಗ ಓಡ್ತಾ ಇರೋದು ಅದೇ, ಆದ್ರೆ ದಾಸ್ತಾನು ವಹೀಲಿ ಎಂಟ್ರಿ ಇಲ್ಲ, ತೆಗೆದ ಹಳೇ ಮೋಟ್ರು ಎಲ್ಲಿ ಹೋಯ್ತು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಮೋಟ್ರೊಳಗಿನ ತಾಮ್ರದ ಬೆಲೆ ಗೊತ್ತಲ್ಲ. ಮೇಡಮ್ಮು ಅದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿದ್ರು.

ಆಡಿಟ್‌ಆನ್‌ಲೈನ್ ಅಂತ ಇನ್ನೊಂದು ವೆಬ್‌ಸೈಟ್ ಇದೆ, ಅದನ್ನೂ ಜೊತೆಗೆ ನೋಡಿ, ಪಂಚಾಯ್ತಿಗಳ ಲೆಕ್ಕಪರಿಶೋಧನಾ ವರದಿ ಅಲ್ಲಿ ಹಾಕ್ತಾರೆ. ವರದಿ ಸಿಕ್ಕಿದ್ರೆ ಪೂರ್ತಿ ಓದೋಕೆ ಟೈಮಿಲ್ದಿದ್ರೂ 'ಆಕ್ಷೇಪಣೆಯಲ್ಲಿಟ್ಟ ಮೊತ್ತ', 'ವಸೂಲಾತಿಗೆ ಸೂಚಿಸಿದ ಮೊತ್ತ' ಈ ಎರಡು ಹುಡುಕಿ. ಮೊದಲನೇದು ಅಂದ್ರೆ ದಾಖಲೆ ತೋರಿಸಿಲ್ಲ, ತೋರಿಸಿದ್ರೆ ಬಿಡ್ತೀವಿ ಅಂತ. ಎರಡನೇದು ಅಂದ್ರೆ ಜವಾಬ್ದಾರರ ಕೈಯಿಂದ ವಾಪಸ್ ಕಟ್ಟಿಸ್ಕೊಳ್ಳಿ ಅಂತ. ನನಗೆ ಹೊಟ್ಟೆ ಉರಿಯೋದು ಇಲ್ಲೇ, ಒಂದೇ ಆಕ್ಷೇಪಣೆ ವರ್ಷದಿಂದ ವರ್ಷಕ್ಕೆ ಅದೇ ಮಾತಲ್ಲಿ ಬರ್ತಿರತ್ತೆ, ಪಿಡಿಒ ವರ್ಗ ಆಗಿ ಹೋಗಿರ್ತಾರೆ, ಹೊಸಬರು "ನನ್ನ ಅವಧಿದಲ್ಲ" ಅಂತಾರೆ. ಆಕ್ಷೇಪಣೆಗೆ ಉತ್ತರ ಕೊಟ್ರಾ ಇಲ್ವಾ ಅನ್ನೋದು ಕಾಮಗಾರಿ ಪಟ್ಟಿ ಪಕ್ಕದಲ್ಲೇ ಈ ಆ್ಯಪಲ್ಲಿ ಕಾಣೋ ಹಾಗಿದ್ರೆ ನಾನು ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೆ.

ಸಿಬ್ಬಂದಿ ಬಗ್ಗೆ ಒಂದು ಮಾತು. ನಮ್ಮ ಪಂಚಾಯ್ತಿ ಡಾಟಾ ಎಂಟ್ರಿ ಹುಡುಗಿ ಒಬ್ಬಳೇ ಇ-ಸ್ವತ್ತು, ಪಂಚತಂತ್ರ, ನರೇಗಾ, ಈ ಇ-ಗ್ರಾಮಸ್ವರಾಜ್, ಎಲ್ಲಾ ತುಂಬ್ತಾಳೆ, ಕರೆಂಟ್ ಹೋದ್ರೆ ರಾತ್ರಿ ತನಕ ಕೂತಿರ್ತಾಳೆ. ಎಂಟ್ರಿ ತಪ್ಪಿದ್ರೆ ಅವಳ ಮೇಲೆ ಕೂಗಾಡ್ಬೇಡಿ, ಸಹಿ ಹಾಕೋರನ್ನ ಕೇಳಿ.

ಒಟ್ಟು ನನ್ನ ರೇಟಿಂಗು: ಲೆಕ್ಕ ಸಿಗೋದಕ್ಕೆ 4, ಅರ್ಥ ಆಗೋದಕ್ಕೆ 2, ಉತ್ತರ ಕೊಡಿಸೋದಕ್ಕೆ 1, ಯಾಕಂದ್ರೆ ಉತ್ತರ ಕೊಡಿಸೋ ಕೆಲಸ ಇದು ಮಾಡೋದೇ ಇಲ್ಲ. ಹಾಗಂತ ಹಾಕ್ಕೋಬೇಡಿ ಅಂತಿಲ್ಲ, ಇವತ್ತೇ ಹಾಕ್ಕೊಳ್ಳಿ, ವರ್ಷ ಬದಲಾಗೋ ಮುಂಚೆ ಬೇಕಾದ್ದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಮೋಟ್ರು ವಿಷಯ ಎಲ್ಲಿಗೆ ಬಂತು ಅಂದ್ರೆ, ಜಮಾಬಂದಿ ಆಗಿ ಎರಡು ತಿಂಗಳಿಗೆ ಹೊಸದರ ಎಂಟ್ರಿ ದಾಸ್ತಾನು ವಹೀಲಿ ಬಂತು, ಹಳೇದರ ಬಗ್ಗೆ ಏನೂ ಇಲ್ಲ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಆರ್‌ಟಿಐ ಹಾಕಿದೆ, 150 ಪದದ ಮಿತಿ ಇದೆ ಒಂದೇ ವಿಷಯ ಕೇಳ್ಬೇಕು, ನಾನು ಎರಡು ಸಾಲಲ್ಲಿ ಕೇಳಿದೆ. 30 ದಿನ ಕಳೀತು, ಉತ್ತರ ಬರ್ಲಿಲ್ಲ, ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಹೋದ ವಾರ ಸ್ಪೀಡ್ ಪೋಸ್ಟಲ್ಲಿ ಕಳ್ಸಿದೀನಿ. ಈ ಸಲದ ಜಮಾಬಂದಿಗೆ ಅಮ್ಮಾನೂ ಬರ್ತೀನಿ ಅಂದಿದಾರೆ, ಅವರು ಕೇಳ್ಬೇಕು ಅಂತಿರೋದು ಮನೆ ಮುಂದಿನ ಚರಂಡಿ ಸ್ಲ್ಯಾಬ್ ಬಗ್ಗೆ, ಅದರ ವೋಚರ್ ನಂಬರ್ ಬರೆದುಕೊಟ್ಟಿದೀನಿ.